ರಹೀಮ್ ಸಾಹೇಬರು

ಕರ್ನಾಟಕದ ಉತ್ತರದ ತುದಿಯಲ್ಲಿರುವ ಬೀದರ್, ಭಾಲ್ಕಿ, ಔರಾದ್ ಊರುಗಳು 1956ರ ನವೆಂಬರ್ 1ರವರೆಗೆ ಹೈದರಾಬಾದ್ ರಾಜ್ಯಕ್ಕೆ ಸೇರಿದ್ದುವು. ಕನ್ನಡ, ಮರಾಠಿ, ಉರ್ದು ಮೂರೂ ಕಿವಿಗೆ ಬೀಳುವ ಆ ಸೀಮೆಯಿಂದ ಉನ್ನತ ವ್ಯಾಸಂಗಕ್ಕೆ ಹೊರಟ ತರುಣರು ಹೈದರಾಬಾದಿನ ಉಸ್ಮಾನಿಯಾ ವಿಶ್ವವಿದ್ಯಾಲಯದ ಕಡೆಗೆ ನೋಡುತ್ತಿದ್ದರು. ಹೈದರಾಬಾದಿನ ಕಾಲ್ಚೆಂಡಾಟದ ತಂಡವೇ ಅಂದು ಬೀದರಿನವರಿಗೂ ತಮ್ಮ ರಾಜ್ಯದ ತಂಡ. ಆ ತಂಡಕ್ಕೆ ಕೀರ್ತಿ ತಂದು, ಭಾರತದ ತಂಡವನ್ನೂ ಏಷ್ಯದ ಅಗ್ರಸ್ಥಾನಕ್ಕೆ ಏರಿಸಿದವರು ಒಬ್ಬ ಶಾಲಾ ಉಪಾಧ್ಯಾಯರು. ಅವರೇ ಸಯ್ಯದ್ ಅಬ್ದುಲ್ ರಹೀಮ್.

ರಹೀಮರು 1909ರ ಆಗಸ್ಟ್ 17ರಂದು ಹೈದರಾಬಾದಿನಲ್ಲಿ ಜನಿಸಿದರು. ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದಾಗ ಅಲ್ಲಿನ ತಂಡದಲ್ಲಿ ಆಡಿ, ನಗರದ ಒಳ್ಳೆಯ ಆಟಗಾರರಲ್ಲಿ ಒಬ್ಬರೆನಿಸಿದರು. ಪದವಿ ಪಡೆದ ಮೇಲೆ ಶಾಲೆಗಳಲ್ಲಿ ಪಾಠ ಹೇಳುವ ವೃತ್ತಿಯನ್ನು ಹಿಡಿದರು; ದೈಹಿಕ ಶಿಕ್ಷಣದಲ್ಲಿಯೂ ಡಿಪ್ಲೊಮಾ ಪಡೆದರು. ಆಟಗಾರರಾಗಿ ಅವರು ಗಳಿಸಿದ ಹೆಸರು ಹೈದರಾಬಾದಿನ ಎಲ್ಲೆಯನ್ನು ದಾಟಲಿಲ್ಲ. ಆಡಿಸುವವರಾದ ಮೇಲೆಯೇ ಅವರ ನಿಜವಾದ ಬಾಳು ಮೊದಲಾಯಿತು ಎನ್ನಬೇಕು.

ನಲವತ್ತರ ದಶಕದಲ್ಲಿ ಅವರು ಹೈದರಾಬಾದಿನ ಫುಟ್‌ಬಾಲ್ ಸಂಸ್ಥೆಯ ಕಾರ್ಯದರ್ಶಿಯಾದರು. 1950ರಲ್ಲಿ ನಗರ ಪೊಲೀಸ್ ತಂಡದ ತರಬೇತಿಯ ಹೊಣೆ ಹೊತ್ತರು. ಆ ವರ್ಷದಿಂದ 1954ರವರೆಗೆ ಸತತವಾಗಿ ಐದು ಬಾರಿ ಮುಂಬಯಿಯ ರೋವರ್ಸ್ ಕಪ್ ಹೈದರಾಬಾದಿನ ಪೊಲೀಸರ ಪಾಲಾಯಿತು.

ಈ ಗೆಲುವಿನ ಗುಟ್ಟೇನು? ತರಗತಿಯಲ್ಲಿ ಒಳ್ಳೆಯ ಉಪಾಧ್ಯಾಯನು ಹುಡುಗನಿಗೆ ಬಾರದ ಲೆಕ್ಕವನ್ನು ಹುಡುಕಿ ಕಲಿಸುತ್ತಾನಲ್ಲವೆ? ರಹೀಮರು ಮೈದಾನದಲ್ಲಿ ಮಾಡಿದ್ದೂ ಅದನ್ನೇ. ನಮ್ಮ ಆಟಗಾರರಲ್ಲಿ ಬಹುಮಂದಿಗೆ ಬಲಗಾಲೊಂದೇ ಆಧಾರವಾಗಿತ್ತು. ಅವರು ದುರ್ಬಲವಾದ ಕಾಲಿನಿಂದ ಮಾತ್ರವೇ ಒದೆಯಬೇಕೆಂಬ ಪಂದ್ಯಗಳನ್ನು ಏರ್ಪಡಿಸಿದರು. ಚೆಂಡನ್ನು ತನ್ನ ಬಳಿಯೇ ಇಟ್ಟುಕೊಂಡು ಚಮತ್ಕಾರ ತೋರುವ ಚಪಲವನ್ನು ಬಿಡಿಸಲು, ಚೆಂಡು ಬಂದೊಡನೆ ಜೊತೆಗಾರನಿಗೆ ದಾಟಿಸಲೇಬೇಕಾದ ಪಂದ್ಯಗಳನ್ನೂ ಆಡಿಸಿದರು. ನೋಡುವವರಿಗೆ ಇದರಲ್ಲಿ ಸೊಗಸು ಕಡಿಮೆಯೆನಿಸಿದ್ದರೂ ಆಶ್ಚರ್ಯವಿಲ್ಲ. ತಂಡಕ್ಕೆ ಮಾತ್ರ ಇದರಿಂದ ವೇಗವೂ ಒಗ್ಗಟ್ಟೂ ಬಂದುವು.

ಪ್ರತಿಭೆಯನ್ನು ಅವರು ಬಡವರ ಕೇರಿಗಳಲ್ಲಿಯೂ ಅರಸಿದರು. ಸಿಕಂದರಾಬಾದಿನ ಬಳಿಯ ಅಮ್ಮುಗುಡದ ತುಳಸೀದಾಸ ಬಲರಾಮ್ ಎಂಬ ತರುಣನ ಆಟ ಅವರ ಕಣ್ಣಿಗೆ ಬಿದ್ದಿತು. ಅಭ್ಯಾಸಕ್ಕಾಗಿ ನಗರಕ್ಕೆ ಬಂದು ಹೋಗುವಷ್ಟು ಹಣ ಆ ತರುಣನಲ್ಲಿರಲಿಲ್ಲ. ರಹೀಮರು ಬಾಡಿಗೆ ಬೈಸಿಕಲ್ಲಿಗೆ ತಾವೇ ಹಣ ಕೊಟ್ಟು ಅವನನ್ನು ಕರೆಸಿಕೊಂಡರು. ಅದೇ ಬಲರಾಮ್ ಮುಂದೆ ಎರಡು ಒಲಿಂಪಿಕ್ ಕೂಟಗಳಲ್ಲಿ ಭಾರತದ ಪರವಾಗಿ ಆಡಿದನು.

1951ರಲ್ಲಿ ದೆಹಲಿಯಲ್ಲಿ ನಡೆದ ಮೊದಲ ಏಷ್ಯನ್ ಕ್ರೀಡಾಕೂಟದಲ್ಲಿ ರಹೀಮರ ಮಾರ್ಗದರ್ಶನದ ಭಾರತ ತಂಡ ಇರಾನನ್ನು 1–0ರಿಂದ ಸೋಲಿಸಿ ಚಿನ್ನದ ಪದಕ ಪಡೆಯಿತು. ಮರುವರ್ಷವೇ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಆ ಹಿಗ್ಗು ಇಳಿದುಹೋಯಿತು. ಆ ಚಳಿಯ ನಾಡಿನಲ್ಲಿ ನಮ್ಮವರಲ್ಲಿ ಹಲವರು ಬರಿಗಾಲಲ್ಲಿ ಆಡಿದರು. ಯುಗೊಸ್ಲಾವಿಯ ಹತ್ತು ಗೋಲುಗಳನ್ನು ಹೊಡೆಯಿತು. ಭಾರತದ ಪಾಲಿನ ಒಂದೇ ಗೋಲನ್ನು ಹೊಡೆದವನು ಬೆಂಗಳೂರಿನ ಅಹ್ಮದ್ ಖಾನ್. ಬರಿಗಾಲಿನ ಆಟ ಅಲ್ಲಿಗೆ ಮುಗಿಯಿತು, ಬೂಟು ಕಡ್ಡಾಯವಾಯಿತು. ಸೋತ ಗುರು ಮನೆಗೆ ಮರಳಿ ಹೊಸ ಪಾಠಗಳನ್ನು ಕಟ್ಟಿದರು. ಅಂದು ಜಗತ್ತನ್ನು ಬೆರಗುಗೊಳಿಸುತ್ತಿದ್ದ ಹಂಗೆರಿಯವರ ಕ್ರಮವನ್ನು ಅನುಸರಿಸಿ, ಮುಂಪಡೆಯ ಒಬ್ಬ ಆಟಗಾರನನ್ನು ತುಸು ಹಿಂದೆ ನಿಲ್ಲಿಸಿ ಆಡಿಸತೊಡಗಿದರು.

ಇದರ ಫಲ 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ಕಾಣಿಸಿತು. ಬೀದರ್ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿ ಸರಿಯಾಗಿ ಒಂದು ತಿಂಗಳಾಗಿದ್ದಾಗ, ಡಿಸೆಂಬರ್ 1ರಂದು, ಭಾರತ ಆತಿಥೇಯ ಆಸ್ಟ್ರೇಲಿಯವನ್ನು 4–2ರಿಂದ ಸೋಲಿಸಿತು. ನೆವಿಲ್ ಡಿಸೋಜ ಮೂರು ಗೋಲು ಹೊಡೆದನು. ಆ ತಂಡದಲ್ಲಿ ಹೈದರಾಬಾದಿನ ಹಲವರ ಜೊತೆಗೆ ಕರ್ನಾಟಕದ ಕೆಂಪಯ್ಯನೂ ಇದ್ದನು. ಮುಂದಿನ ಎರಡು ಪಂದ್ಯಗಳಲ್ಲಿ ಸೋತರೂ ಭಾರತಕ್ಕೆ ನಾಲ್ಕನೆಯ ಸ್ಥಾನ ದೊರೆಯಿತು. ಒಲಿಂಪಿಕ್ ಕಾಲ್ಚೆಂಡಾಟದಲ್ಲಿ ಅದಕ್ಕಿಂತ ಮೇಲಿನ ಸ್ಥಾನ ನಮಗೆ ಎಂದೂ ಬಂದಿಲ್ಲ.

1960ರ ರೋಮ್ ಒಲಿಂಪಿಕ್ಸ್‌ಗೆ ಹೋದ ತಂಡದಲ್ಲಿ ರಹೀಮರ ಮಗ ಹಕೀಮನೂ ಇದ್ದನು. ಮೂರು ಪಂದ್ಯಗಳು ನಡೆದುವು. ಮಗ ಒಂದರಲ್ಲಿಯೂ ಕಣಕ್ಕಿಳಿಯಲಿಲ್ಲ. ತಂದೆಯೇ ತರಬೇತುದಾರನಾಗಿರುವ ತಂಡದಲ್ಲಿ ಹೊರಗೆ ಕುಳಿತು ನೋಡುವುದು ಸುಲಭವಲ್ಲ. ಮಗನನ್ನು ಹಾಗೆ ಕುಳ್ಳಿರಿಸುವುದು ಇನ್ನೂ ಕಷ್ಟ.

1962ರಲ್ಲಿ ಜಕಾರ್ತದ ಏಷ್ಯನ್ ಕ್ರೀಡಾಕೂಟಕ್ಕೆ ಹೊರಡುವ ವೇಳೆಗೆ ರಹೀಮರ ದೇಹವನ್ನು ಕ್ಯಾನ್ಸರ್ ಹಿಡಿದಿದ್ದಿತು. ಮೊದಲ ಪಂದ್ಯದಲ್ಲಿಯೇ ದಕ್ಷಿಣ ಕೊರಿಯ ಭಾರತವನ್ನು 2–0ರಿಂದ ಸೋಲಿಸಿತು. ಮರುಪಂದ್ಯದಲ್ಲಿ ಥಾಯ್ಲೆಂಡ್ ಮೇಲೆ ಗೆಲುವು ಬಂದರೂ ರಕ್ಷಣಾ ಆಟಗಾರ ಜರ್ನೈಲ್ ಸಿಂಗನ ತಲೆಗೆ ಪೆಟ್ಟು ಬಿದ್ದು ಹೊಲಿಗೆ ಹಾಕಬೇಕಾಯಿತು. ಇದರ ನಡುವೆ ಇನ್ನೊಂದು ಕಷ್ಟ. ಇಸ್ರೇಲ್ ಮತ್ತು ತೈವಾನ್‌ಗಳಿಗೆ ಇಂಡೊನೇಷ್ಯ ಪ್ರವೇಶ ಕೊಡದಿದ್ದುದನ್ನು ಭಾರತದ ಜಿ.ಡಿ. ಸೋಂಧಿಯವರು ಆಕ್ಷೇಪಿಸಿದ್ದರಿಂದ ಜಕಾರ್ತದ ಜನ ನಮ್ಮವರ ಮೇಲೆ ಮುನಿದಿದ್ದರು.

ಅಂತಿಮ ಪಂದ್ಯಕ್ಕೆ ಮತ್ತೆ ದಕ್ಷಿಣ ಕೊರಿಯವೇ ಎದುರಾಯಿತು. ಹಿಂದಿನ ರಾತ್ರಿ ರಹೀಮರು ಹುಡುಗರನ್ನು ಸೇರಿಸಿ, ತಮಗೊಂದು ಕಾಣಿಕೆ ಬೇಕು, ಅದು ಚಿನ್ನದ ಪದಕವೇ ಆಗಿರಬೇಕು ಎಂದು ಕೇಳಿಕೊಂಡರು. ರಕ್ಷಣೆಯಲ್ಲಿ ಆಡುತ್ತಿದ್ದ ಗಾಯಾಳು ಜರ್ನೈಲನನ್ನು ಮುಂಪಡೆಯ ನಡುವೆ ನಿಲ್ಲಿಸಲು ನಿರ್ಧರಿಸಿದ್ದರು. ಬೇರೆಯವರು ಇದನ್ನು ದುಸ್ಸಾಹಸವೆನ್ನುತ್ತಿದ್ದರೋ ಏನೋ. ಸೆಪ್ಟೆಂಬರ್ 4ರಂದು ಕಿಕ್ಕಿರಿದ ಕ್ರೀಡಾಂಗಣ ಭಾರತವನ್ನು ಕೂಗಿ ಹೀಯಾಳಿಸುತ್ತಿದ್ದಂತೆಯೇ, ಇಪ್ಪತ್ತು ನಿಮಿಷಗಳೊಳಗೆ ಪಿ.ಕೆ. ಬ್ಯಾನರ್ಜಿ ಒಂದು ಗೋಲನ್ನೂ ಜರ್ನೈಲ್ ಸಿಂಗ್ ಇನ್ನೊಂದನ್ನೂ ಹೊಡೆದರು. ಕೊರಿಯದವರು ಒಂದನ್ನು ಮಾತ್ರ ತೀರಿಸಿದರು. ಗುರುವಿಗೆ ಕಾಣಿಕೆ ಸಂದಿತು.

ಆಮೇಲೆ ಅವರು ಒಂದು ವರ್ಷವೂ ಬದುಕಲಿಲ್ಲ. 1963ರ ಜೂನ್ 11ರಂದು ತಮ್ಮ ಐವತ್ತಮೂರನೆಯ ವಯಸ್ಸಿನಲ್ಲಿ ಹೈದರಾಬಾದಿನಲ್ಲಿ ತೀರಿಕೊಂಡರು. ಮಗ ಹಕೀಮ್ ಮುಂದೆ ಅಂತಾರಾಷ್ಟ್ರೀಯ ಪಂದ್ಯಗಳ ತೀರ್ಪುಗಾರನಾದನು. ಜಕಾರ್ತದಲ್ಲಿ ಮೊದಲ ಗೋಲು ಹೊಡೆದ ಬ್ಯಾನರ್ಜಿ ತರಬೇತಿಯ ಕೆಲಸವನ್ನು ಕೈಗೊಂಡನು. 1970ರಲ್ಲಿ ಬ್ಯಾಂಕಾಕಿನಲ್ಲಿ ಭಾರತ ಕಂಚಿನ ಪದಕ ಗೆದ್ದಾಗ ತಂಡವನ್ನು ಆಡಿಸಿದವರಲ್ಲಿ ಅವನೂ ಒಬ್ಬ.