ಗಾಜಿನ ಗೀರಿಗೆ ಲೆಕ್ಕ ಬರೆದ ಗ್ರಿಫಿತ್

ಗಾಜು ಕತ್ತರಿಸುವವನು ಗಾಜಿನ ಮೇಲೆ ಒಂದು ಗೀರು ಎಳೆದು ಮೆಲ್ಲಗೆ ಬಗ್ಗಿಸುತ್ತಾನೆ. ಹಾಳೆ ಗೀರಿನಗುಂಟ ಎರಡಾಗುತ್ತದೆ. ಇಷ್ಟು ಸಣ್ಣ ಗೀರು ಇಡೀ ಹಾಳೆಯ ಬಲವನ್ನು ಹೇಗೆ ಕಸಿಯುತ್ತದೆ? ಇದಕ್ಕೆ ಲೆಕ್ಕದಲ್ಲಿ ಉತ್ತರ ಕೊಟ್ಟವರು ಅಲನ್ ಆರ್ನಾಲ್ಡ್ ಗ್ರಿಫಿತ್.

1893ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ ಗ್ರಿಫಿತ್, ಲಿವರ್‌ಪೂಲ್ ವಿಶ್ವವಿದ್ಯಾಲಯದಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದಿ 1915ರಲ್ಲಿ ಫಾರ್ನ್‌ಬರೋದ ಸರ್ಕಾರಿ ವಿಮಾನ ಕಾರ್ಖಾನೆ ಸೇರಿದರು. ಬಿರುಕಿನ ತುದಿ ಚೂಪಾದಷ್ಟೂ ಅಲ್ಲಿ ಒತ್ತಡ ಹೆಚ್ಚುತ್ತದೆ ಎಂದು ಇಂಗ್ಲಿಸ್ 1913ರಲ್ಲೇ ತೋರಿಸಿದ್ದರು. ಆದರೆ ಆ ಲೆಕ್ಕವನ್ನೇ ನೆಚ್ಚಿದರೆ, ಚೂಪಾದ ಬಿರುಕುಳ್ಳ ವಸ್ತು ಮುಟ್ಟಿದರೆ ಮುರಿಯಬೇಕಿತ್ತು. ಹಾಗಾಗುವುದಿಲ್ಲವಲ್ಲ!

ಗ್ರಿಫಿತ್ ಶಕ್ತಿಯ ಆಯವ್ಯಯ ನೋಡಿದರು. ಬಿರುಕು ಬೆಳೆದರೆ ಎರಡು ಹೊಸ ಮೇಲ್ಮೈಗಳಾಗುತ್ತವೆ. ಅದಕ್ಕೆ ಶಕ್ತಿ ಖರ್ಚಾಗುತ್ತದೆ. ಎಳೆತದಲ್ಲಿದ್ದ ವಸ್ತು ಸಡಿಲಗೊಂಡು ಶಕ್ತಿ ಬಿಡುತ್ತದೆ, ಅದು ಆದಾಯ. ಆದಾಯ ಖರ್ಚನ್ನು ಮೀರಿದ ಕ್ಷಣ ಬಿರುಕು ಓಡುತ್ತದೆ. ಬಿರುಕು ನಾಲ್ಕು ಪಟ್ಟು ಉದ್ದವಾದರೆ, ಅರ್ಧದಷ್ಟು ಒತ್ತಡವೇ ಮುರಿಯಲು ಸಾಕು. ಅವರು ಎಳೆದ ಅತಿ ತೆಳು ಗಾಜಿನ ಎಳೆಗಳು ಸಾಮಾನ್ಯ ಗಾಜಿಗಿಂತ ಸುಮಾರು 20 ಪಟ್ಟು ಗಟ್ಟಿಯಾಗಿದ್ದವು. ಅಷ್ಟು ಸಣ್ಣ ಎಳೆಯಲ್ಲಿ ದೊಡ್ಡ ಬಿರುಕಿಗೆ ಜಾಗವಿಲ್ಲ.

1921ರಲ್ಲಿ ಪ್ರಕಟವಾದ ಈ ಲೇಖನವನ್ನು ಎಂಜಿನಿಯರುಗಳು ಬಹುಕಾಲ ಬದಿಗಿಟ್ಟರು. ಉಕ್ಕು ಮುರಿಯುವ ಮುನ್ನ ಹಿಗ್ಗುತ್ತದೆ, ಗಾಜಿನ ಲೆಕ್ಕ ಅದಕ್ಕೆ ಹೊಂದದು ಎಂಬುದು ಕಾರಣ. ಎರಡನೆಯ ಮಹಾಯುದ್ಧದಲ್ಲಿ ಅಮೆರಿಕದ ಬೆಸುಗೆ ಹಡಗುಗಳು ಬಿರುಕುಬಿಟ್ಟು, ಕೆಲವು ಎರಡು ತುಂಡಾದವು. 1950ರ ದಶಕದಲ್ಲಿ ಇರ್ವಿನ್, ಹಿಗ್ಗುವಿಕೆಗೆ ತಗಲುವ ಶಕ್ತಿಯನ್ನೂ ಖರ್ಚಿಗೆ ಸೇರಿಸಿ ಆ ಲೆಕ್ಕವನ್ನು ಲೋಹಕ್ಕೂ ಒಗ್ಗಿಸಿದರು.

ಅಷ್ಟರಲ್ಲಿ ಗ್ರಿಫಿತ್ ವಿಮಾನ ಎಂಜಿನಿನತ್ತ ಹೊರಳಿದ್ದರು. ಟರ್ಬೈನ್ ಅಲಗುಗಳ ಬಗ್ಗೆ 1926ರಲ್ಲಿ ಮಹತ್ವದ ಸಿದ್ಧಾಂತ ಮಂಡಿಸಿದರು. ತರುಣ ವಿಟ್ಲ್ ಜೆಟ್ ಎಂಜಿನಿನ ಯೋಜನೆ ತಂದಾಗ ಲೆಕ್ಕದ ತಪ್ಪನ್ನು ಸರಿಯಾಗಿಯೇ ಹಿಡಿದರು. ಯೋಜನೆಯನ್ನು ಮಾತ್ರ ಬೆಂಬಲಿಸಲಿಲ್ಲ. ಉತ್ತರಪತ್ರಿಕೆ ತಿದ್ದುವ ನಾವು ಇದನ್ನು ನೆನಪಿಡಬೇಕು. 1939ರಲ್ಲಿ ರೋಲ್ಸ್ ರಾಯ್ಸ್ ಸೇರಿದ ಅವರು 1963ರಲ್ಲಿ ತೀರಿಕೊಂಡರು.

ಪಾಠಾಭ್ಯಾಸಕ್ಕೆ ಎರಡು ಕಾಗದದ ಪಟ್ಟಿ ಸಾಕು. ಒಂದರ ಅಂಚಿನಲ್ಲಿ ಕತ್ತರಿಯಿಂದ ಸಣ್ಣ ಕಚ್ಚು ಹಾಕಿ. ಎಳೆಯುವ ಮುನ್ನ, ಯಾವುದು ಮೊದಲು ಹರಿಯುತ್ತದೆ, ಎಲ್ಲಿಂದ, ಏಕೆ ಎಂದು ಮಕ್ಕಳಿಂದ ಬರೆಸಿ. ಗ್ರಿಫಿತ್ ಹೆಸರನ್ನು ಆಮೇಲೆ ಹೇಳಿ.