ಹಾರ-ತುರಾಯಿಯಿಂದ ದೂರವಿದ್ದ ನೈಟಿಂಗೇಲ್ ಹೆಸರಲ್ಲೇ ನರ್ಸ್‌ಗಳ ರಾಷ್ಟ್ರೀಯ ಪ್ರಶಸ್ತಿ

ದೇಶದ ಅತ್ಯುತ್ತಮ ನರ್ಸ್‌ಗಳಿಗೆ, ಹಳ್ಳಿಗಳಲ್ಲಿ ದುಡಿಯುವ ಎಎನ್‌ಎಂಗಳಿಗೂ ನೀಡಲು ಕೇಂದ್ರ ಸರ್ಕಾರ 1973ರಲ್ಲಿ ಆರಂಭಿಸಿದ ಪ್ರಶಸ್ತಿಗೆ ಫ್ಲಾರೆನ್ಸ್ ನೈಟಿಂಗೇಲ್ ಹೆಸರಿದೆ. ಆದರೆ ಸ್ವತಃ ಅವರಿಗೆ ಸನ್ಮಾನವೆಂದರೆ ಅಷ್ಟಕ್ಕಷ್ಟೇ.

1820ರಲ್ಲಿ ಜನಿಸಿದ ಈ ಶ್ರೀಮಂತ ಬ್ರಿಟಿಷ್ ಮನೆತನದ ಮಗಳು ಹೆತ್ತವರ ವಿರೋಧದ ನಡುವೆಯೇ ದಾದಿಯಾದರು. 1854ರಲ್ಲಿ ಕ್ರಿಮಿಯಾ ಯುದ್ಧದ ಗಾಯಾಳುಗಳಿದ್ದ ಟರ್ಕಿಯ ಸ್ಕುಟಾರಿ ಆಸ್ಪತ್ರೆಗೆ 38 ದಾದಿಯರೊಂದಿಗೆ ತೆರಳಿದರು. ಅಲ್ಲಿ ಗುಂಡೇಟಿಗಿಂತ ಹೆಚ್ಚು ಸೈನಿಕರನ್ನು ಕೊಂದದ್ದು ಕಾಯಿಲೆ, ಕೊಳಕು. ದೀಪ ಹಿಡಿದು ವಾರ್ಡ್ ಸುತ್ತಿದ್ದು ಎಲ್ಲರಿಗೂ ಗೊತ್ತು. ಸಾವಿನ ಲೆಕ್ಕವನ್ನು ಅಂಕಿಅಂಶಗಳಲ್ಲಿ ಸರ್ಕಾರದ ಮುಂದಿಟ್ಟಿದ್ದು ಅಷ್ಟಾಗಿ ಗೊತ್ತಿಲ್ಲ.

1856ರಲ್ಲಿ ಅದ್ಧೂರಿ ಸ್ವಾಗತ ತಪ್ಪಿಸಲು 'ಮಿಸ್ ಸ್ಮಿತ್' ಎಂಬ ಹೆಸರಿನಲ್ಲಿ ಊರಿಗೆ ಮರಳಿದರು. 1910ರಲ್ಲಿ ನಿಧನರಾದಾಗ ವೆಸ್ಟ್‌ಮಿನ್‌ಸ್ಟರ್ ಅಬೆಯಲ್ಲಿ ಸಮಾಧಿಯ ಗೌರವವನ್ನು ಕುಟುಂಬ ಒಪ್ಪಲಿಲ್ಲ. ಈಸ್ಟ್ ವೆಲ್ಲೋ ಹಳ್ಳಿಯ ಸಮಾಧಿಯ ಮೇಲೆ ಪೂರ್ಣ ಹೆಸರೂ ಇಲ್ಲ. ಎಫ್.ಎನ್. ಎಂಬ ಎರಡಕ್ಷರ, ಹುಟ್ಟು-ಸಾವಿನ ದಿನಾಂಕ, ಅಷ್ಟೇ.