ತೂತು ಕಲ್ಲುಗಳ ಹಿಂದೆ ಬಿದ್ದ ಆನರ್ ಫ್ರಾಸ್ಟ್

ಸಮುದ್ರದ ತಳದಲ್ಲಿ ಮೂರು ತೂತಿನ ಕಲ್ಲು ಸಿಕ್ಕಿದೆ ಅಂದ ಕೂಡಲೇ ನಮ್ಮಲ್ಲಿ ಅದು ಯಾವ ಯುಗದ್ದು, ಯಾವ ದೇವರ ಕಾಲದ್ದು ಅಂತ ಜಗಳ ಶುರುವಾಗುತ್ತೆ. ದ್ವಾರಕೆಯ ಚರ್ಚೆ ಎದ್ದಾಗಲೆಲ್ಲ ನನಗೆ ನೆನಪಾಗುವುದು ಆನರ್ ಫ್ರಾಸ್ಟ್. ಅಂಥ ಕಲ್ಲುಗಳನ್ನು ಓದುವುದು ಹೇಗೆ ಎಂದು ಪುರಾತತ್ವದವರಿಗೆ ಕಲಿಸಿಕೊಟ್ಟವರು ಅವರು.

ಫ್ರಾಸ್ಟ್ ಹುಟ್ಟಿದ್ದು 1917ರಲ್ಲಿ, ಆಗ ಬ್ರಿಟಿಷರ ಕೈಯಲ್ಲಿದ್ದ ಸೈಪ್ರಸ್‌ನ ನಿಕೋಸಿಯಾದಲ್ಲಿ. ಚಿಕ್ಕಂದಿನಲ್ಲೇ ಅಪ್ಪ ಅಮ್ಮ ಇಲ್ಲವಾದರು. ಲಂಡನ್ನಿನ ವಕೀಲ, ಚಿತ್ರಕಲಾ ಸಂಗ್ರಾಹಕ ವಿಲ್ಫ್ರಿಡ್ ಇವಿಲ್ ಸಾಕಿ ಬೆಳೆಸಿದರು. ಓದಿದ್ದು ಚಿತ್ರಕಲೆ. ಬ್ಯಾಲೆ ತಂಡಕ್ಕೆ ವಿನ್ಯಾಸ ಮಾಡಿದರು, ಟೇಟ್ ಗ್ಯಾಲರಿಯಲ್ಲಿ ಪ್ರಕಟಣೆಗಳನ್ನು ನೋಡಿಕೊಂಡರು. ಮೊದಲ ಸಲ ಡೈವ್ ಮಾಡಿದ್ದು ಸಮುದ್ರದಲ್ಲಲ್ಲ, ವಿಂಬಲ್ಡನ್ನಿನ ಒಂದು ತೋಟದ ಬಾವಿಯಲ್ಲಿ! ಆಮೇಲೆ ಫ್ರಾನ್ಸ್‌ಗೆ ಹೋಗಿ, ಕೂಸ್ತೋನ ಜೊತೆಗಾರ ಫ್ರೆಡರಿಕ್ ದ್ಯುಮಾ ಅವರೊಂದಿಗೆ ಮುಳುಗಿದ ಹಡಗುಗಳನ್ನು ನೋಡಿದರು.

ಅಷ್ಟರಲ್ಲಿ ಅವರಿಗೆ ಒಂದು ತಕರಾರು ಹುಟ್ಟಿತ್ತು. ನೆಲದ ಮೇಲೆ ಒಂದೊಂದು ಇಂಚನ್ನೂ ಅಳೆದು ಬರೆದಿಡುವ ಪುರಾತತ್ವ, ನೀರೊಳಗೆ ಮಾತ್ರ ಜಾಡಿ, ಶಿಲ್ಪ ಎತ್ತಿಕೊಂಡು ಬರುವ ನಿಧಿಬೇಟೆ ಆಗಿಬಿಟ್ಟಿದೆಯಲ್ಲ ಅಂತ. ನೆಲದ ಶಿಸ್ತು ಕಲಿಯಲು 1957ರಲ್ಲಿ ಜೆರಿಕೋಗೆ ಹೋದರು. ಕ್ಯಾಥ್ಲೀನ್ ಕೆನ್ಯನ್ ನಡೆಸುತ್ತಿದ್ದ ಉತ್ಖನನದಲ್ಲಿ ಅವರದು ನಕ್ಷೆ ಬರೆಯುವ ಕೆಲಸ. ಅಲ್ಲಿಂದ ಲೆಬನಾನ್. ಕರಾವಳಿಯ ನೀರಿನಲ್ಲಿ ತೂತು ಕೊರೆದ ಕಲ್ಲುಗಳು ಬಿದ್ದಿದ್ದವು. ಹಳೆಯ ಹಡಗುಗಳ ಲಂಗರು ಅವು. ಚಂದದ ವಸ್ತುವಲ್ಲ, ಮಾರಿದರೆ ಕಾಸು ಬರಲ್ಲ, ಹಾಗಾಗಿ ಯಾರೂ ತಲೆ ಕೆಡಿಸಿಕೊಂಡಿರಲಿಲ್ಲ.

ಈ ಕಲ್ಲುಗಳದ್ದು ದೊಡ್ಡ ಸಮಸ್ಯೆ ಕಾಲನಿರ್ಣಯ. ಕಲ್ಲನ್ನು ಯಾವಾಗ ಕೊರೆದರು ಅನ್ನುವುದಕ್ಕೆ ಕಾರ್ಬನ್ ಪರೀಕ್ಷೆ ಉತ್ತರ ಕೊಡಲ್ಲ. ಆಕಾರ ನೋಡಿ ಹೇಳೋಣ ಅಂದರೆ, ಅದೇ ಆಕಾರ ಸಾವಿರಾರು ವರ್ಷ ಬಳಕೆಯಲ್ಲಿರುತ್ತೆ. ಫ್ರಾಸ್ಟ್ ಇದಕ್ಕೆ ಉತ್ತರ ಹುಡುಕಿದ್ದು ದೇವಾಲಯಗಳಲ್ಲಿ. ಲೆಬನಾನಿನ ಬಿಬ್ಲೋಸ್, ಸಿರಿಯಾದ ಉಗಾರಿತ್, ಸೈಪ್ರಸ್‌ನ ಕಿಟಿಯನ್‌ಗಳ ಕಂಚಿನ ಯುಗದ ಗುಡಿಗಳಲ್ಲಿ ಲಂಗರುಗಳನ್ನು ಹರಕೆಯಾಗಿ ಒಪ್ಪಿಸಿದ್ದರು, ಗೋಡೆಗೂ ಕಟ್ಟಿದ್ದರು. ಉಗಾರಿತ್‌ನ ಕೆಲವು ಅರ್ಧ ಟನ್ ತೂಗುತ್ತವೆ. ಗುಡಿಯ ಕಾಲ ಮಣ್ಣಿನ ಪದರಗಳಿಂದ ಗೊತ್ತು. ಅಂದ ಮೇಲೆ ಆ ಲಂಗರಿನ ಕಾಲವೂ ಗೊತ್ತಾಯಿತು.

ಅಳತೆ, ತೂಕ, ತೂತಿನ ಜಾಗ ಎಲ್ಲವನ್ನೂ ಚಿತ್ರ ಬರೆದು ಪಟ್ಟಿ ಮಾಡಿದರು. ಒಂದೇ ತೂತಿದ್ದರೆ ಬರೀ ಭಾರದಿಂದ ಹಡಗನ್ನು ಹಿಡಿಯುವಂಥದ್ದು. ಹೆಚ್ಚು ತೂತಿದ್ದರೆ ಮರದ ಗೂಟ ತೂರಿಸಿ ಮರಳಿಗೆ ಕಚ್ಚಿಸುವಂಥದ್ದು. ಭೂವಿಜ್ಞಾನಿಗಳಿಂದ ಕಲ್ಲಿನ ತೆಳು ಪದರ ಪರೀಕ್ಷೆ ಮಾಡಿಸಿದರು. ಆ ಕಲ್ಲು ಯಾವ ದಂಡೆಯದು ಅಂತ ತಿಳಿದರೆ ಹಡಗು ಎಲ್ಲಿಂದ ಹೊರಟಿತು ಅನ್ನುವ ಸುಳಿವು. ಆದರೆ ದಾರಿಯಲ್ಲಿ ಲಂಗರು ಕಳೆದರೆ ನಾವಿಕರು ಮುಂದಿನ ಬಂದರಿನಲ್ಲಿ ಬೇರೆ ಹಾಕಿಕೊಳ್ಳುತ್ತಾರಲ್ವಾ? ಹಾಗಾಗಿ ಒಂಟಿ ಕಲ್ಲಿಗಿಂತ ಒಂದೇ ಹಡಗಿನ ಕಲ್ಲುಗಳ ಗುಂಪು ಹೆಚ್ಚು ನಂಬಿಕಸ್ತ ಸಾಕ್ಷಿ.

1960ರಲ್ಲಿ ಟರ್ಕಿಯ ಗೆಲಿಡೋನ್ಯ ಭೂಶಿರದ ಉತ್ಖನನದಲ್ಲಿ ಫ್ರಾಸ್ಟ್ ಇದ್ದರು. ಸುಮಾರು ಕ್ರಿ.ಪೂ. 1200ರ ಹಡಗು, ತುಂಬ ತಾಮ್ರದ ಗಟ್ಟಿಗಳು. ಆ ಕಾಲದ ಕಡಲ ವ್ಯಾಪಾರ ಅಂದರೆ ಗ್ರೀಸಿನ ಮೈಸಿನಿಯನ್ನರದ್ದೇ ಅಂತ ಯುರೋಪಿನ ವಿದ್ವಾಂಸರು ನಂಬಿದ್ದ ಹೊತ್ತು. ಈ ಹಡಗು ಪೂರ್ವದ, ಸಿರಿಯಾ–ಲೆಬನಾನ್ ಕಡೆಯದು ಎಂದು ಗುರುತಿಸಿದವರಲ್ಲಿ ಅವರು ಮೊದಲಿಗರು. ಉತ್ಖನನದ ಮುಖ್ಯಸ್ಥ ಜಾರ್ಜ್ ಬಾಸ್ 1967ರಲ್ಲಿ ಇದನ್ನೇ ವಾದಿಸಿದಾಗ ಹಲವರು ಒಪ್ಪಲಿಲ್ಲ. ಆಮೇಲೆ ಉಲುಬುರುನ್‌ನಲ್ಲಿ ಕ್ರಿ.ಪೂ. 1300ರ ಆಸುಪಾಸಿನ ಇನ್ನೊಂದು ಹಡಗು ಸಿಕ್ಕಿತು, ಜೊತೆಗೆ 24 ಕಲ್ಲಿನ ಲಂಗರು, ಅವೂ ಪೂರ್ವದ ಮಾದರಿಯವು. 1994ರಲ್ಲಿ ಗೆಲಿಡೋನ್ಯದಲ್ಲೇ ದೊಡ್ಡದೊಂದು ಕಲ್ಲಿನ ಲಂಗರು ಪತ್ತೆಯಾಯಿತು. ನಾಗರಿಕತೆ ಹಡಗು ಹತ್ತಿದ್ದು ಗ್ರೀಸಿನಿಂದಲೇ ಅನ್ನುವ ಹೆಮ್ಮೆಗೆ ಇಷ್ಟು ದೊಡ್ಡ ಪೆಟ್ಟು ಕೊಟ್ಟಿದ್ದು ಯಾರೂ ಮುಟ್ಟದ ಕಲ್ಲುಗಳು. ನನಗಂತೂ ಖುಷಿ ಕೊಡುವ ವಿಷಯ ಇದು.

ಈಗ ದ್ವಾರಕೆ. 1980ರ ದಶಕದಲ್ಲಿ ಅಲ್ಲಿ ಸಮುದ್ರದಡಿ ಶೋಧ ನಡೆಸಿದ್ದು ನಮ್ಮ ಶಿವಮೊಗ್ಗ ಜಿಲ್ಲೆಯ ಆನಂದಪುರದ ಎಸ್. ಆರ್. ರಾವ್. ತ್ರಿಕೋನಾಕಾರದ ಮೂರು ತೂತಿನ ಲಂಗರುಗಳು ಸಿಕ್ಕವು. ಮೆಡಿಟರೇನಿಯನ್ನಿನ ಕಂಚಿನ ಯುಗದ ಲಂಗರುಗಳಿಗೆ ಹೋಲಿಸಿ ರಾವ್ ಅವುಗಳ ಕಾಲವನ್ನು ಹಿಂದಕ್ಕೆ ಒಯ್ದರು, ಮಹಾಭಾರತದ ದ್ವಾರಕೆಗೆ ಜೋಡಿಸಿದರು. ಗೋವಾದ ರಾಷ್ಟ್ರೀಯ ಸಮುದ್ರ ವಿಜ್ಞಾನ ಸಂಸ್ಥೆಯ ಮುಂದಿನ ತಲೆಮಾರಿನವರು ಅವು ಬಹಳ ಈಚಿನ, ಐತಿಹಾಸಿಕ ಕಾಲದವು ಇರಬಹುದು ಎಂದರು. ಆಕಾರದ ಹೋಲಿಕೆ ಒಂದನ್ನೇ ನಂಬಿ ಕಾಲ ಹೇಳಬಾರದು ಅನ್ನುವುದು ಫ್ರಾಸ್ಟ್ ಅವರ ವಿಧಾನದ ಮೊದಲ ಪಾಠ. ರಾವ್ ದೊಡ್ಡ ವಿದ್ವಾಂಸರು, ಲೋಥಾಲ್ ಅಗೆದವರು. ಆದರೂ ಇಲ್ಲಿ ಅವರ ವಾದ ಒಪ್ಪಲು ನನಗೆ ಆಗುತ್ತಿಲ್ಲ. ಅರಬ್ಬರು, ಗುಜರಾತಿಗಳು ಓಡಾಡುತ್ತಿದ್ದ ಜೀವಂತ ಬಂದರಿನ ಕಥೆ ಪುರಾಣದ ಗದ್ದಲದಲ್ಲಿ ಮುಚ್ಚಿಹೋಗುತ್ತೆ ಅನ್ನುವುದು ನನ್ನ ಸಂಕಟ.

ಫ್ರಾಸ್ಟ್ 1971ರಿಂದ ಸಿಸಿಲಿಯ ಮಾರ್ಸಾಲಾದಲ್ಲಿ ಕಾರ್ಥೇಜಿನವರ ಹಡಗೊಂದನ್ನು ಅಗೆದರು. ಹಲಗೆಗಳ ಮೇಲೆ ಬಡಗಿಗಳು ಬರೆದ ಅಕ್ಷರಗಳು ಇನ್ನೂ ಉಳಿದಿದ್ದವು. ಇಷ್ಟೆಲ್ಲ ಮಾಡಿದ್ದು ವಿಶ್ವವಿದ್ಯಾಲಯದ ಕುರ್ಚಿ ಇಲ್ಲದೆ. ಕೈಯಲ್ಲಿ ದುಡ್ಡಿತ್ತು ಅನ್ನುವುದನ್ನೂ ಹೇಳಬೇಕು. ಅಂಥ ಆಸ್ತಿಯಿಲ್ಲದ ಹೆಣ್ಣಿಗೆ ಆ ಕಾಲದಲ್ಲಿ ಈ ದಾರಿ ತೆರೆದಿರಲಿಲ್ಲ. ಇವಿಲ್ ಅವರ ಚಿತ್ರಸಂಗ್ರಹ ಅವರಿಗೇ ಬಂದಿತ್ತು. 2010ರ ಸೆಪ್ಟೆಂಬರ್‌ನಲ್ಲಿ ತೀರಿಕೊಂಡರು. ಮರುವರ್ಷ ಆ ಸಂಗ್ರಹ ಹರಾಜಿಗೆ ಹೋಗಿ 4 ಕೋಟಿ ಪೌಂಡ್‌ಗೂ ಹೆಚ್ಚು ಬಂತು. ಆ ಹಣದಲ್ಲಿ ಅವರ ಹೆಸರಿನ ಪ್ರತಿಷ್ಠಾನ ಈಗ ಸೈಪ್ರಸ್, ಲೆಬನಾನ್, ಸಿರಿಯಾ, ಈಜಿಪ್ಟ್‌ಗಳ ಕಡಲ ಪುರಾತತ್ವಕ್ಕೆ ನೆರವು ಕೊಡುತ್ತಿದೆ.